ಸಂನ್ಯಾಸಿಯ ಬೆಕ್ಕು

ಕಾಫಿಯ ಲೋಟ ಇನ್ನೂ ಕೈಯಲ್ಲಿರುವಾಗಲೇ ಮುಖಪರಿಚಯವಿಲ್ಲದವರೊಬ್ಬರಿಂದ ಬುದ್ಧಿವಾದ ಕೇಳಿಸಿಕೊಳ್ಳುವ ಯೋಗ ಎಲ್ಲರಿಗೂ ಒದಗುವಂಥದಲ್ಲ. ಇಂದು ಬೆಳಿಗ್ಗೆ ನನಗೆ ಒದಗಿತು. ಅರ್ಧಕ್ಕೆ ನಿಂತಿದ್ದ ಲೇಖನವೊಂದನ್ನು ಮುಂದುವರಿಸೋಣವೆಂದು, ಬರೆವಣಿಗೆಗೆ ನಾನು ಬಳಸುವ ವಿಮ್ ಎಂಬ ಎಡಿಟರನ್ನು ತೆರೆದೆನಷ್ಟೆ. ಪರದೆಯ ತಳದಲ್ಲಿ ಕೆಂಪಕ್ಷರದ ಸಾಲುಗಳು ಮೂಡಿ, ನನ್ನ ಸೆಟ್ಟಿಂಗಿನಲ್ಲಿರುವ ಇಂಥ ಆಯ್ಕೆಯು ಹಳತಾಯಿತೆಂದೂ, ಮುಂದಿನ ಆವೃತ್ತಿಯಲ್ಲಿ ಅದಕ್ಕೆ ಎಡೆಯಿಲ್ಲವೆಂದೂ, ಆದಕಾರಣ ಕೂಡಲೇ ಹೊಸ ಹೆಸರನ್ನು ಬರೆದುಕೊಳ್ಳತಕ್ಕದ್ದೆಂದೂ ಅಪ್ಪಣೆ ಕೊಡಿಸಿದುವು. ಅಪ್ಪಣೆ ಕೊಡಿಸಿದ್ದು ವಿಮ್ ಅಲ್ಲ. ಎಡಗಡೆಯ ಆವರಣಚಿಹ್ನೆಯನ್ನು ಒತ್ತಿದರೆ ಬಲಗಡೆಯದನ್ನು ತಾನೇ ಹಾಕಿಕೊಡುವುದನ್ನೇ ಜೀವನದ ಏಕೈಕ ವೃತ್ತಿಯನ್ನಾಗಿ ಮಾಡಿಕೊಂಡ ಒಂದು ಪುಟ್ಟ ಪ್ಲಗಿನ್. ಕನ್ನಡ ಗದ್ಯವನ್ನು ಬರೆಯುವವನಿಗೆ ಆವರಣಚಿಹ್ನೆಯ ಅಗತ್ಯ ದಿನಕ್ಕೆ ಎಷ್ಟು ಬಾರಿ ಬಿದ್ದೀತು? ಅಷ್ಟು ಅಲ್ಪವಾದ ಸೇವೆಗೆ ಇಷ್ಟು ಗಡಸಾದ ಧ್ವನಿ ಏತಕ್ಕೆ? ಸಂಗತಿಯ ಬಗ್ಗೆ ನನಗೆ ತಕರಾರಿಲ್ಲ. ಹೆಸರುಗಳು ಬದಲಾಗುತ್ತವೆ, ಬೆಂಗಳೂರಿನ ರಸ್ತೆಗಳವೂ ಬದಲಾಗಿವೆ. ನನ್ನ ತಕರಾರೆಲ್ಲ ಆ ಧಾಟಿಯನ್ನು ಕುರಿತದ್ದು.

ಪ್ಲಗಿನ್ ಎಂದರೇನೆಂಬುದನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಅರಿಯದವರು, ಮೂಲ ತಂತ್ರಾಂಶದಲ್ಲಿ ಇಲ್ಲದ ಅನುಕೂಲವೊಂದನ್ನು ಹೊರಗಿನವರು ಬರೆದು ಸೇರಿಸುವ ತುಣುಕೆಂದು ತಿಳಿದರೆ ಈ ಹೊತ್ತಿಗೆ ಸಾಕು. ಅದನ್ನು ಸೇರಿಸುವ ವಿಧಾನದ ಚರಿತ್ರೆ ಮಾತ್ರ ಕುತೂಹಲಕರವಾದುದು. ಎಡಿಟರು ಎಚ್ಚರಗೊಳ್ಳುವಾಗ ಕೆಲವು ಗೊತ್ತಾದ ಫೋಲ್ಡರುಗಳನ್ನು ಕ್ರಮವಾಗಿ ತಡಕಿ, ಅಲ್ಲಿರುವ ಕಡತಗಳನ್ನು ಓದಿಕೊಳ್ಳುತ್ತದೆ. ಹಿಂದಿನವರು ಪ್ಲಗಿನ್ನಿನ ಗಂಟನ್ನು ತಂದು ಅಲ್ಲಿಯೇ ಬಿಚ್ಚಿ ಸುರಿಯುತ್ತಿದ್ದರು. ಹತ್ತು ಜನರ ಕಡತಗಳು ಒಂದೇ ಎಡೆಯಲ್ಲಿ ಕಲೆತುಹೋಗಿ, ಬೇಡವಾದ ಒಂದನ್ನು ತೆಗೆಯಬೇಕೆಂದಾಗ ಯಾವುದು ಯಾರದೆಂಬ ನಿರ್ಣಯ ಅಸಾಧ್ಯವಾಗುತ್ತಿತ್ತು. 2008ರಲ್ಲಿ ಟಿಮ್ ಪೋಪ್ ಎಂಬವರು ಪ್ಯಾಥೋಜೆನ್ ಎಂಬುದನ್ನು ಬರೆದು ಪ್ರತಿಯೊಂದು ಪ್ಲಗಿನ್ನಿಗೂ ಬೇರೆ ಬೇರೆ ಫೋಲ್ಡರನ್ನು ಕಲ್ಪಿಸಿಕೊಟ್ಟ ಮೇಲೆ ಈ ಸಂಕಟ ನೀಗಿತು. ಬಳಿಕ ವಂಡಲ್ ಬಂದಿತು. ಬೇಕಾದ ಹೆಸರುಗಳನ್ನು ಪಟ್ಟಿ ಮಾಡಿಟ್ಟರೆ ಅದು ತಾನೇ ಹೋಗಿ ತರುತ್ತಿತ್ತು. ಜುನೆಗನ್ ಚೋಯ್ ಅವರ ವಿಮ್-ಪ್ಲಗ್ ಬಂದು ಅನೇಕವನ್ನು ಏಕಕಾಲದಲ್ಲಿ ತರುವ ಚಮತ್ಕಾರವನ್ನು ತೋರಿಸಿತು. ಹೀಗಿರಲಾಗಿ 2016ರಲ್ಲಿ ಹೊರಬಂದ ವಿಮ್‌ನ 8ನೆಯ ಆವೃತ್ತಿಯು, ಇಂಥ ಹೆಸರಿನ ಫೋಲ್ಡರಿನಲ್ಲಿಟ್ಟರೆ ನಾನೇ ಓದಿಕೊಳ್ಳುತ್ತೇನೆ, ಮಧ್ಯಸ್ಥರು ಬೇಡವೆಂದು ಸಾರಿತು. ಮಧ್ಯಸ್ಥರ ಕಾಲ ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ, ವಿಮ್‌ನಿಂದ 2014ರಲ್ಲಿ ಕವಲೊಡೆದ ನಿಯೋವಿಮ್‌ನಲ್ಲಿ ಅವರ ಸಂತತಿ ಇನ್ನಷ್ಟು ಬೆಳೆದು, ಬೇಕೆನಿಸುವ ತನಕ ಯಾವುದನ್ನೂ ತೆರೆಯದೆ ಆಲಸ್ಯವನ್ನೇ ಒಂದು ಶಾಸ್ತ್ರವಾಗಿ ಮಾಡಿಕೊಂಡವೂ, ಯಾವ ಪ್ಲಗಿನ್ನಿನ ಯಾವ ಪಾಠ ಇಂದು ನಮ್ಮಲ್ಲಿದೆಯೆಂದು ಲೆಕ್ಕದ ಕಡತದಲ್ಲಿ ಬರೆದಿಡುವವೂ ಹುಟ್ಟಿಕೊಂಡಿವೆ.

ಪ್ಲಗಿನ್ನುಗಳನ್ನು ನೋಡಿಕೊಳ್ಳುವ ಮ್ಯಾನೇಜರನ್ನು ತರುವವರು ಯಾರು, ಅದು ಹಳತಾದಾಗ ಹೊಸತುಮಾಡುವವರು ಯಾರು ಎಂದು ನೀವು ಕೇಳಬಹುದು. ಅದಕ್ಕೂ ಏರ್ಪಾಡುಂಟು: ವಿಮ್-ಪ್ಲಗ್‌ನಲ್ಲಿ ಉಳಿದವನ್ನು ಹೊಸತುಮಾಡುವ ಆಜ್ಞೆ ಒಂದು, ತನ್ನನ್ನೇ ಹೊಸತುಮಾಡಿಕೊಳ್ಳುವ ಆಜ್ಞೆ ಇನ್ನೊಂದು.

ಇದನ್ನು ನೆನೆದಾಗಲೆಲ್ಲ ಕೌಪೀನದ ಸಂನ್ಯಾಸಿಯು ನನ್ನ ಮನಸ್ಸಿನೊಳಕ್ಕೆ ಬಂದುಬಿಡುತ್ತಾನೆ. ಅವನ ಕಥೆಯನ್ನು ಕೇಳದ ಕನ್ನಡದ ಮಗುವಿಲ್ಲ. ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕು, ಬೆಕ್ಕಿಗೆ ಹಾಲು ಬೇಕೆಂದು ಹಸು, ಹಸುವಿಗೆ ಹುಲ್ಲು ಬೇಕೆಂದು ಹೊಲ, ಹೊಲಕ್ಕೆ ಆಳು, ಆಳಿಗೆ ಅಡಿಗೆ ಮಾಡಿ ಬಡಿಸಲು ಹೆಂಡತಿ. ಕೊನೆಗೊಂದು ದಿನ ಗುರುವು ಬಂದು ಇದೇನಯ್ಯಾ ಎಂದಾಗ, ಎಲ್ಲವೂ ಆ ತುಂಡುಬಟ್ಟೆಯ ರಕ್ಷಣೆಗಾಗಿ ಎಂಬ ಉತ್ತರ. ಕೇಳಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ಬಾಲ್ಯದಿಂದಲೂ ಈ ಕಥೆಯನ್ನು ಕಟ್ಟಿದವರ ಮೇಲೆ ಅಸಮಾಧಾನವಿದೆ. ಮೊದಲನೆಯದಾಗಿ, ಆ ಬೆಕ್ಕು ಇಲಿಯನ್ನು ಹಿಡಿಯಿತೋ ಇಲ್ಲವೋ ಎಂಬುದನ್ನು ಯಾರೂ ಹೇಳುವುದಿಲ್ಲ. ಕಥೆಯ ಸಮಸ್ತ ಭಾರವೂ ಯಾವ ಪ್ರಾಣಿಯ ಮೇಲೆ ನಿಂತಿದೆಯೋ ಅದರ ಸಾಮರ್ಥ್ಯವನ್ನು ಕುರಿತು ಒಂದಕ್ಷರವೂ ಇಲ್ಲ. ನಮ್ಮಜ್ಜಿ ರಾತ್ರಿ ಕೈತುತ್ತು ಹಾಕುವಾಗ ಇದನ್ನು ಹೇಳುತ್ತಿದ್ದಳು. ಬೆಕ್ಕಿನ ಹೆಸರೇನಜ್ಜಿ ಎಂದರೆ, “ಸಂನ್ಯಾಸಿಗೇ ಹೆಸರಿಲ್ಲ, ಬೆಕ್ಕಿಗೆಲ್ಲಿಂದ ತರಲೋ, ಸುಮ್ಮನೆ ಬಾಯಿ ತೆಗಿ” ಎನ್ನುತ್ತಿದ್ದಳು. ಎರಡನೆಯದಾಗಿ, ಬೀಳುಬಿದ್ದ ಹೊಲ ಹಸುರಾಯಿತು, ಒಬ್ಬ ಆಳಿಗೆ ಅನ್ನವಾಯಿತು, ಹಸುವಿಗೆ ಕೊಟ್ಟಿಗೆಯಾಯಿತು. ಇಷ್ಟು ಲೋಕೋಪಕಾರವು ಎರಡು ಗೇಣು ಬಟ್ಟೆಯಿಂದ ನಡೆದಿರಲು ನಗುವುದಕ್ಕೇನಿದೆ? ಮೂರನೆಯದಾಗಿ, ಆ ಗುರುವು ಅಂದು ಮಧ್ಯಾಹ್ನ ಎಲ್ಲಿ ಊಟ ಮಾಡಿದನೆಂಬುದನ್ನು ಕಥೆಗಾರರು ಜಾಣತನದಿಂದ ಮರೆಮಾಚಿದ್ದಾರೆ. ಶಿಷ್ಯನ ಹೆಂಡತಿ ಹಸುವಿನ ತುಪ್ಪವನ್ನು ಬಡಿಸಿರಬೇಕು. ಉಂಡು ತೇಗಿದ ಮೇಲೆಯೇ ಅವನಿಗೆ ವೈರಾಗ್ಯದ ನೆನಪು ಬಂದಿದ್ದರೆ ಆಶ್ಚರ್ಯವಿಲ್ಲ.

ಆದುದರಿಂದ ನನ್ನ ಪ್ಲಗಿನ್ನುಗಳ ಪಟ್ಟಿಯನ್ನು ಕಂಡು ಯಾರಾದರೂ ನಕ್ಕರೆ ನಾನು ಕುಗ್ಗುವವನಲ್ಲ. ಎಡಗಡೆಯಲ್ಲಿ ಫೋಲ್ಡರುಗಳ ವೃಕ್ಷವನ್ನು ಬಿಡಿಸುವುದೊಂದು. ತಳದಲ್ಲಿ ಬಣ್ಣದ ಪಟ್ಟಿಯನ್ನು ಹಾಸಿ ನಾನು ಯಾವ ಸಾಲಿನಲ್ಲಿದ್ದೇನೆಂದು ತಿಳಿಸುವುದೊಂದು. ನಿನ್ನೆಗೂ ಇಂದಿಗೂ ಬದಲಾದ ಸಾಲುಗಳ ಪಕ್ಕದಲ್ಲಿ ಗುರುತಿಡುವುದೊಂದು. ಇವೆಲ್ಲಕ್ಕೂ ಕಳಶವಿಟ್ಟಂತೆ ಇನ್ನೊಂದುಂಟು: ಬರೆಯುವಾಗ ಗಮನ ಕದಡದಿರಲೆಂದು ವೃಕ್ಷ, ಪಟ್ಟಿ, ಗುರುತು ಎಲ್ಲವನ್ನೂ ಅಡಗಿಸಿ, ನಟ್ಟನಡುವೆ ಬರಿಯ ಬರಹವನ್ನಷ್ಟೇ ಉಳಿಸಿಕೊಡುವುದು. ಉಳಿದ ಪ್ಲಗಿನ್ನುಗಳು ತೋರಿಸುವುದನ್ನು ಮರೆಮಾಡುವುದಕ್ಕೆಂದೇ ಒಂದು ಪ್ಲಗಿನ್! ಇದನ್ನು ಬಳಸಲು ಆರಂಭಿಸಿದಂದಿನಿಂದ ನನಗೆ ಅದ್ವೈತದ ಮೇಲೆ ಮೊದಲಿಗಿಂತ ಹೆಚ್ಚು ಗೌರವ ಮೂಡಿದೆ. ತೋರಿಕೆಗಳನ್ನೆಲ್ಲ ಮೊದಲು ಒಪ್ಪಿ ತರುವಾಯ ನಿರಾಕರಿಸುವುದರಲ್ಲಿರುವ ಸುಖ, ಮೊದಲೇ ಏನೂ ಇಲ್ಲದವನಿಗೆ ಸಿಕ್ಕುವುದು ಹೇಗೆ?

ತೊಂದರೆ ಯಾವುದರಿಂದ ಬಂದಿತೆಂದು ಹುಡುಕುವುದಕ್ಕೂ ಸೊಗಸಾದ ಉಪಾಯವಿದೆ. ಅರ್ಧವನ್ನು ಮುಚ್ಚಿಡುವುದು, ತೊಂದರೆ ಉಳಿದರೆ ತೆರೆದಿರುವ ಅರ್ಧದಲ್ಲಿ, ಅಳಿದರೆ ಮುಚ್ಚಿದ ಅರ್ಧದಲ್ಲಿ ಅಪರಾಧಿಯಿದೆ, ಆ ಅರ್ಧದಲ್ಲಿ ಮತ್ತೆ ಅರ್ಧ. ವಿದ್ಯೆಗಳಷ್ಟೇ ಪ್ಲಗಿನ್ನುಗಳೂ 64 ಇದ್ದರೂ ಆರು ಸುತ್ತಿನಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಇಂದು ಅದರ ಅಗತ್ಯ ಬೀಳಲಿಲ್ಲ, ಏಕೆಂದರೆ ಅಪರಾಧಿಯು ತನ್ನ ಹೆಸರನ್ನು ತಾನೇ ಡಂಗುರ ಹೊಡೆದುಕೊಂಡಿದ್ದನು. ಆದರೂ ಕೋಪವು ನ್ಯಾಯಾನ್ಯಾಯಗಳನ್ನು ಬಗೆಯದು. ಒಬ್ಬನ ತಪ್ಪಿಗೆ ಎಲ್ಲರನ್ನೂ ಹೊರಗಟ್ಟಿ, ಯಾವ ಪ್ಲಗಿನ್ನೂ ಯಾವ ಸೆಟ್ಟಿಂಗೂ ಇಲ್ಲದ ಬರಿಯ ವಿಮ್ ಅನ್ನು ತೆರೆದೆ.

ತೆರೆದಾಗ ಕಂಡ ಪರದೆ ಎಷ್ಟೋ ಕಾಲದಿಂದ ನನ್ನ ಕಣ್ಣಿಗೆ ಬೀಳದಿದ್ದುದು. ಅದರ ನಡುವೆ ಎಡಿಟರಿನ ಹೆಸರು, ಆವೃತ್ತಿಯ ಸಂಖ್ಯೆ, ಕರ್ತೃವಾದ ಬ್ರಾಮ್ ಮೋಲೆನಾರ್ ಅವರ ಹೆಸರು, ಅದರ ಕೆಳಗೆ ಉಗಾಂಡದ ಬಡಮಕ್ಕಳಿಗೆ ನೆರವಾಗಿರೆಂಬ ಒಂದು ಸಾಲು. ಇದೇಕೆ ಕಾಣೆಯಾಗಿತ್ತೆಂದು ಯೋಚಿಸಿದರೆ ಉತ್ತರ ಹೊಳೆಯಿತು: ಆರಂಭದ ಪರದೆಯನ್ನು ಅಂದಗೊಳಿಸುವ ಪ್ಲಗಿನ್ ಅದರ ಮೇಲೆ ಕುಳಿತಿತ್ತು. ಅದು ನಿನ್ನೆ ಮೊನ್ನೆ ತೆರೆದ ಕಡತಗಳ ಪಟ್ಟಿಯನ್ನು ಕೊಟ್ಟು, ಮೇಲ್ಗಡೆ ಬರಿಯ ಅಕ್ಷರಗಳಿಂದ ಬಿಡಿಸಿದ ಹಸುವೊಂದರ ಬಾಯಿಂದ ದಿನಕ್ಕೊಂದು ಸುಭಾಷಿತವನ್ನು ನುಡಿಸುತ್ತದೆ. ಸಂನ್ಯಾಸಿಯ ಹಸು ಇಲ್ಲಿಯ ತನಕ ಬಂದಿದೆಯೆಂದು ನಗು ಬಂದಿತು. ನಕ್ಕ ಮೇಲೆ ಕೊಂಚ ಕಸಿವಿಸಿಯೂ ಆಯಿತು. ಮೋಲೆನಾರ್ ಅವರು ಈ ಎಡಿಟರಿಗೆ ಬೆಲೆ ಕಟ್ಟಿದವರಲ್ಲ. ಅಮಿಗ ಎಂಬ ಕಂಪ್ಯೂಟರಿಗಾಗಿ ಆರಂಭಿಸಿ 1991ರಲ್ಲಿ ಲೋಕಕ್ಕೆ ಕೊಟ್ಟದ್ದನ್ನು ಜೀವಮಾನವೆಲ್ಲ ಬೆಳೆಸಿದರು. 1994ರಲ್ಲಿ ಅವರು ದಕ್ಷಿಣ ಉಗಾಂಡದ ಕಿಬಾಲೆ ಎಂಬ ಸಣ್ಣ ಊರಿಗೆ ಹೋಗಿ, ಏಡ್ಸ್ ವ್ಯಾಧಿಯಿಂದ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ನಡೆಯುತ್ತಿದ್ದ ಕೇಂದ್ರವೊಂದರಲ್ಲಿ, ನೀರು ಮತ್ತು ನೈರ್ಮಲ್ಯದ ಕೆಲಸವನ್ನು ವಹಿಸಿಕೊಂಡು ಒಂದು ವರ್ಷವಿದ್ದರು. ಹಿಂತಿರುಗಿದ ಮೇಲೂ ಆ ಊರನ್ನು ಮರೆಯದೆ, ನನ್ನ ತಂತ್ರಾಂಶವನ್ನು ಬಳಸುವವರು ಹಣ ಕೊಡಬೇಕೆನಿಸಿದರೆ ಆ ಮಕ್ಕಳಿಗೆ ಕೊಡಿರೆಂದು ಬರೆದಿಟ್ಟರು. ಲಕ್ಷಾಂತರ ಜನರಿಗೆ ಉಪಕರಣವನ್ನು ಧರ್ಮಾರ್ಥವಾಗಿ ಕೊಟ್ಟವರು ಕೇಳಿದ್ದು ಒಂದೇ ಸಾಲು. ಅಲಂಕಾರ ಮೊತ್ತಮೊದಲು ನುಂಗಿದ್ದು ಆ ಸಾಲನ್ನೇ. ಅವರು 2023ರ ಆಗಸ್ಟ್ 3ರಂದು ತೀರಿಕೊಂಡರು. ಎಡಿಟರು ಈಗ ಬೇರೆಯವರ ಪಾಲನೆಯಲ್ಲಿ ನಡೆಯುತ್ತಿದೆ, ಸಾಲು ಇದ್ದಲ್ಲೇ ಇದೆ.

ಸಹಾಯ ಪುಟಗಳಲ್ಲಿ ಉಗಾಂಡಕ್ಕೆಂದೇ ಒಂದು ಅಧ್ಯಾಯವಿದೆ. ಲೇಖನವನ್ನು ಬದಿಗಿಟ್ಟು ಅದನ್ನೇ ಓದುತ್ತ ಕುಳಿತೆ. ವಿಮ್‌ನ ಸಹಾಯ ಪುಟಗಳು, ನನ್ನ ಅಭಿಪ್ರಾಯದಲ್ಲಿ, ಅದರ ಯಾವ ಪ್ಲಗಿನ್ನಿಗಿಂತಲೂ ಶ್ರೇಷ್ಠವಾದವು: ಆಡಂಬರವಿಲ್ಲದ ಗದ್ಯ, ಅಲ್ಲಲ್ಲಿ ಒಂದು ಮುಗುಳ್ನಗೆ, ಸಾಲೊಂದಕ್ಕೆ 78 ಅಕ್ಷರಗಳ ಮಿತಿ. ಈ ಮಿತಿಯು ಆಕಸ್ಮಿಕವಲ್ಲ. ವಿಮ್ ತೆರೆದುಕೊಳ್ಳುವ ಟರ್ಮಿನಲ್ ಎಂಬ ಬರಿಯಕ್ಷರಗಳ ಕಿಟಕಿಯ ವಾಡಿಕೆಯ ಅಗಲ 80 ಮನೆಗಳು, ಮನೆಗೊಂದು ಅಕ್ಷರ. ಆ 80ರ ಹಿಂದೆ 1928ರಲ್ಲಿ ಐ.ಬಿ.ಎಮ್. ಸಂಸ್ಥೆಯು ಹೊರತಂದ 80 ಸಾಲುಗಂಬಗಳ ರಂಧ್ರಪತ್ರವಿದೆ. ಶತಮಾನದಷ್ಟು ಹಿಂದೆ ಒಂದು ರಟ್ಟಿನ ತುಂಡಿನಲ್ಲಿ ಎಷ್ಟು ತೂತುಗಳು ಹಿಡಿದುವೋ ಅಷ್ಟೇ ನಮ್ಮ ಸಾಲಿನ ಉದ್ದವೆಂದು ಇಂದಿಗೂ ಅನೇಕರು ನಂಬಿದ್ದಾರೆ. 80ನೆಯ ಮನೆಯಲ್ಲಿ ನೇರವಾದ ಗೆರೆಯೆಳೆದುಕೊಂಡು ಅದನ್ನು ದಾಟದಂತೆ ವ್ರತ ಹಿಡಿದಿರುವವರೂ ಇದ್ದಾರೆ.

ಈ ಮನೆಗಳ ಲೆಕ್ಕಾಚಾರವು ಕನ್ನಡದೊಡನೆ ಹೊಂದಿಕೊಂಡದ್ದೇ ಇಲ್ಲ. ಟರ್ಮಿನಲ್ ಎಂಬುದು ಚದುರಂಗದ ಹಾಸಿನಂತೆ ಸಮವಾದ ಚೌಕಗಳು. ಒಂದು ಅಕ್ಷರಕ್ಕೆ ಒಂದು ಚೌಕ, ಚೀನೀ ಅಕ್ಷರವಾದರೆ ಎರಡು. ‘ಸ್ತ್ರೀ’ ಎಂದು ಬರೆದರೆ ಕಾಗದದ ಮೇಲೆ ಒಂದೇ ಅಕ್ಷರದ ಸ್ಥಳ ಸಾಕು. ಯೂನಿಕೋಡಿನಲ್ಲಿ ಅದು ಸಕಾರ, ತಕಾರ, ರಕಾರ, ಎರಡು ಹಲಂತಚಿಹ್ನೆಗಳು ಮತ್ತು ಸ್ವರಚಿಹ್ನೆ ಸೇರಿದ ಆರು ಘಟಕಗಳ ಒಕ್ಕೂಟ. ವ್ಯಂಜನಗಳನ್ನಷ್ಟೇ ಎಣಿಸಿದರೂ ಟರ್ಮಿನಲ್ ಅದಕ್ಕೆ ಮೂರು ಚೌಕಗಳನ್ನು ಮೀಸಲಿಡುತ್ತದೆ. ಅಲ್ಲಿ ಒತ್ತಕ್ಷರಗಳು ತಮ್ಮ ಒಡೆಯನ ಕಾಲಬುಡವನ್ನು ಬಿಟ್ಟು ಪಕ್ಕದವನ ಅಂಗಳಕ್ಕೆ ಜಾರುವುದು, ಇಲ್ಲವೆ ನಡುವೆ ಬೋಳು ಜಾಗ ಉಳಿಯುವುದು ನನಗೆ ನಿತ್ಯದ ದೃಶ್ಯ. ಆವರಣಚಿಹ್ನೆಗಳನ್ನು ಜೋಡಿಸಲು, ಅವಕ್ಕೆ ಕಾಮನಬಿಲ್ಲಿನ ಬಣ್ಣ ಬಳಿಯಲು ಪ್ಲಗಿನ್ನುಗಳುಂಟು; ಒತ್ತಕ್ಷರವನ್ನು ಅದರ ಸ್ಥಾನದಲ್ಲಿ ಕೂರಿಸುವ ಪ್ಲಗಿನ್ ಇಲ್ಲ, ಇರಲಾರದು ಕೂಡ, ಏಕೆಂದರೆ ಅಕ್ಷರವನ್ನು ಬಿಡಿಸುವುದು ಎಡಿಟರಲ್ಲ, ಟರ್ಮಿನಲ್. ಈಮ್ಯಾಕ್ಸ್ ಬಳಸುವ ಮಿತ್ರರೊಬ್ಬರಿದ್ದಾರೆ. ತಮ್ಮ ಎಡಿಟರಿಗೆ 2020ರ 27ನೆಯ ಆವೃತ್ತಿಯಿಂದ ಹಾರ್ಫ್‌ಬಝ್ ಎಂಬ ಅಕ್ಷರಶಿಲ್ಪಿ ದೊರೆತಿದೆಯೆಂದೂ, ಅದರ ಸ್ವಂತ ಕಿಟಕಿಯಲ್ಲಿ ಕನ್ನಡವು ಮುದ್ರಣದಂತೆ ಕಾಣುತ್ತದೆಂದೂ ಅವರ ಹೆಮ್ಮೆ. “ಇನ್ನೂ ಆ ಚೌಕದೊಳಗೇ ಇದ್ದೀರಾ ಸ್ವಾಮಿ? ನಮ್ಮ ಕಡೆಗೆ ಬಂದುಬಿಡಿ” ಎಂದು ಭೇಟಿಯಾದಾಗಲೆಲ್ಲ ಕರೆಯುತ್ತಾರೆ. ಹೋಗಬಹುದು, ಆದರೆ ಅಲ್ಲಿನ ಪ್ಲಗಿನ್ನುಗಳನ್ನು ಮೊದಲಿನಿಂದ ಕೂಡಹಾಕಬೇಕೆಂಬುದನ್ನು ನೆನೆದರೆ ನನ್ನ ಹೆಜ್ಜೆ ನಿಧಾನವಾಗುತ್ತದೆ, ಆ ಕೆಲಸ ಪ್ರಿಯವಾದುದೆಂಬುದನ್ನು ನೆನೆದರೆ ಚುರುಕಾಗುತ್ತದೆ.

ಸಾಲಿನ ಉದ್ದವನ್ನು ಬರೆಯುವ ವಸ್ತುವೇ ಗೊತ್ತುಮಾಡುವುದು ಹೊಸತೇನಲ್ಲ. ತಾಳೆಯ ಗರಿಯಲ್ಲಿ ಬರೆದವರು ಪದಕ್ಕೂ ಪದಕ್ಕೂ ನಡುವೆ ತೆರಪು ಬಿಡದೆ ಅಂಚಿನವರೆಗೂ ಒಂದೇ ಸಮನೆ ಕೊರೆದುಕೊಂಡು ಹೋಗುತ್ತಿದ್ದರು. ಅವರು ಬಗ್ಗಿದ್ದು ದಾರ ಪೋಣಿಸುವ ರಂಧ್ರಕ್ಕೊಂದಕ್ಕೆ, ಅದರ ಸುತ್ತ ಮಾತ್ರ ಇಷ್ಟು ಜಾಗ ಬಿಟ್ಟು ಬಳಸಿ ನಡೆಯುತ್ತಿದ್ದರು. ಮೂಡುಬಿದಿರೆಯಲ್ಲಿ ಕಾಪಾಡಿಕೊಂಡು ಬಂದಿರುವ ಧವಲ ಎಂಬ ಜೈನ ಗ್ರಂಥಗಳ ಓಲೆಗಳಲ್ಲಿ ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಪರಭಾಷೆಯ ಒತ್ತುಗಳನ್ನೆಲ್ಲ ನಮ್ಮ ಲಿಪಿಕಾರರು ಸಾಲಿನಿಂದ ಸಾಲಿಗೆ ಎಲ್ಲಿ ಹೇಗೆ ಇಳಿಬಿಟ್ಟರು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗುಲದಂತೆ ಅವರು ಅಂತರವನ್ನು ಮೊದಲೇ ಗೆರೆಯಿಟ್ಟು ಅಳೆದರೋ ಅಥವಾ ಕೈಯ ಅಭ್ಯಾಸಕ್ಕೇ ಬಿಟ್ಟರೋ ಎಂಬುದನ್ನು ಬಲ್ಲವರನ್ನು ಕೇಳಬೇಕೆಂದಿದ್ದೇನೆ.