ಕ್ಯಾಸಲ್‌ರಾಕ್‌ನಿಂದ ಕೆಳಗೆ, ಇಪ್ಪತ್ತು ಸೇರು ಅಕ್ಕಿ

ಚೀಲ ಹೆಗಲಿಗೇರಿದಾಗ ಹಗುರವೇ ಅನ್ನಿಸುತ್ತದೆ. ಇಪ್ಪತ್ತು ಸೇರು ಅಕ್ಕಿ, ಅಷ್ಟೇ. ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಹಮಾಲಿ ಮಾಡಿ ಪಳಗಿದ ಬೆನ್ನು ನಿಮ್ಮದು. ಇದರ ಮೂರರಷ್ಟು ಭಾರ ಹೊತ್ತು, ಹಾಡು ಹೇಳುತ್ತ ವ್ಯಾಗನ್ನಿನ ಹಲಗೆ ಇಳಿದಿದ್ದೀರಿ. ಈಗ ಹಾಡು ಬೇಡ. ಕೆಮ್ಮು ಕೂಡ ಬೇಡ. ಚೀಲದ ಬಾಯಿಗೆ ಬಿಗಿದ ಕತ್ತದ ಹಗ್ಗ ಕೊರಳಿನ ಪಕ್ಕ ಕೊರೆಯುತ್ತಿದೆ. ಒದ್ದೆ ಗೋಣಿಯ ವಾಸನೆ ಮೂಗು ತುಂಬಿದೆ. ಮುಂದೆ ನಡೆಯುತ್ತಿರುವ ಮಾಮಾನ ಕಂಬಳಿಯ ಅಂಚು ಬಿಟ್ಟರೆ ಕಣ್ಣಿಗೆ ಏನೂ ಕಾಣುವುದಿಲ್ಲ.

1955ರ ಅಕ್ಟೋಬರ್. ಮಳೆ ಬಿಟ್ಟು ಬಿಟ್ಟು ಬರುತ್ತಿದೆ. ಇವತ್ತು ಜೊಯಿಡಾ ಎಂದು ಕರೆಯುವ ತಾಲ್ಲೂಕಿಗೆ ಆಗ ಸೂಪಾ ಎಂದೇ ಹೆಸರು, ಮುಂಬಯಿ ರಾಜ್ಯಕ್ಕೆ ಸೇರಿದ್ದು. ನಿಮ್ಮ ಬೆನ್ನ ಹಿಂದೆ ಅದರ ಕಟ್ಟಕಡೆಯ ಸ್ಟೇಷನ್ನು, ಎದುರಿಗೆ ಕತ್ತಲೆಯಲ್ಲಿ ಇಳಿಯುತ್ತ ಹೋಗುವ ಘಟ್ಟ. ಆ ಘಟ್ಟದ ನಡುವೆ ಎಲ್ಲೋ ಒಂದು ಕಡೆ ಭಾರತ ಮುಗಿದು ಪೋರ್ಚುಗಲ್ ಶುರುವಾಗುತ್ತದೆ. ಎಲ್ಲಿ ಅನ್ನುವುದು ಮಾಮಾನಿಗೆ ಗೊತ್ತು. ನಿಮಗೆ ಗೊತ್ತಿಲ್ಲ.

‘ಹಳಿ ಗುಂಟ ಹೋಗೂದು ಬ್ಯಾಡ ತಮ್ಮಾ. ಬೋಗದಾದಾಗ ಪೊಲೀಸ್ರು ಅದಾರ,’ ಎನ್ನುತ್ತಾನೆ ಮಾಮಾ, ತಿರುಗಿ ನೋಡದೆ.

ಹಳಿ ಅಂದ ಕೂಡಲೇ ಹೊಟ್ಟೆಯಲ್ಲಿ ಏನೋ ಹಿಂಡುತ್ತದೆ. ಎರಡು ತಿಂಗಳ ಹಿಂದೆ ಆ ಹಳಿಯೇ ನಿಮ್ಮ ಅನ್ನ. ಲೋಂಡಾದಿಂದ ಬಂದ ಗಾಡಿ ಇಲ್ಲಿ ನಿಲ್ಲಬೇಕು, ಪ್ರತಿ ಟ್ರಂಕೂ ಇಳಿಯಬೇಕು, ಕಸ್ಟಮ್ಸಿನವರ ಮುಂದೆ ತೆರೆದುಕೊಳ್ಳಬೇಕು. ತಪಾಸಣೆ ಮುಗಿದ ಟ್ರಂಕಿನ ಮೇಲೆ ಬಿಳಿ ಸೀಮೆಸುಣ್ಣದ ಒಂದು ಗೀಟು ಬೀಳುತ್ತಿತ್ತು. ಗೀಟು ಬಿದ್ದದ್ದನ್ನು ನೀವು ಎತ್ತಿ ಮತ್ತೆ ಡಬ್ಬಿಗೆ ಏರಿಸುತ್ತಿದ್ದಿರಿ. ಕೆಳಗೆ ಕುಳೆಯಲ್ಲಿ ಪೋರ್ಚುಗೀಸರು ಅದನ್ನೇ ಇನ್ನೊಮ್ಮೆ ತೆರೆಸುತ್ತಿದ್ದರು. ಇಳಿಸಿದ್ದಕ್ಕೆ ಆಣೆ, ಏರಿಸಿದ್ದಕ್ಕೆ ಆಣೆ. ಸುಂಕದ ಕಟ್ಟೆ ಇದ್ದದ್ದರಿಂದಲೇ ನಿಮ್ಮ ಮನೆಯ ಒಲೆ ಉರಿಯುತ್ತಿತ್ತು.

ಆಗಸ್ಟ್ 15ರಂದು ಗೋವೆಯ ಬಿಡುಗಡೆಗಾಗಿ ಸತ್ಯಾಗ್ರಹಿಗಳು ಗಡಿ ದಾಟಿದರು. ಕೈಯಲ್ಲಿ ಧ್ವಜ ಬಿಟ್ಟರೆ ಬೇರೇನೂ ಇರಲಿಲ್ಲ. ಪೋರ್ಚುಗೀಸರು ಗುಂಡು ಹಾರಿಸಿದರು. ಗಡಿಯುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ದೆಹಲಿ ಸೈನ್ಯ ಕಳಿಸಲಿಲ್ಲ, ಬಾಗಿಲು ಹಾಕಿತು. ರೈಲು ನಿಂತಿತು, ಸರಕು ನಿಂತಿತು. ಮುಂಬಯಿಯಲ್ಲಿ ದುಡಿಯುವ ಗೋವೆಯವರು ಊರಿಗೆ ಕಳಿಸುವ ಹಣಕ್ಕೂ ತಡೆ ಬಿತ್ತು. ಅಕ್ಕಿ, ತರಕಾರಿ, ಮೆಣಸಿನಕಾಯಿ ಕೆಳಗಿಳಿಯದಿದ್ದರೆ ಲಿಸ್ಬನ್ನಿನಲ್ಲಿ ಕುಳಿತ ಸರ್ವಾಧಿಕಾರಿ ಸಲಜಾರ್ ಮಣಿಯುತ್ತಾನೆ ಎಂಬುದು ಲೆಕ್ಕ. ನಿಮ್ಮ ಸ್ಟೇಷನ್ನಿನಲ್ಲಿ ಈಗ ಹುಲ್ಲು ಬೆಳೆಯುತ್ತಿದೆ. ಮೊದಲ ವಾರ ನಾಳೆ ಗಾಡಿ ಬಂದೀತೆಂದು ಪ್ಲಾಟ್‌ಫಾರ್ಮಿನ ಮೇಲೆ ಕೂತಿರಿ. ಎರಡನೆಯ ವಾರ ಬೀಡಿಯನ್ನು ಅರ್ಧಕ್ಕೆ ಆರಿಸಿ ಕಿವಿಗೆ ಸಿಕ್ಕಿಸಿಕೊಂಡಿರಿ. ಆಮೇಲೆ ಮಾಮಾ ಬಂದು ಪಕ್ಕದಲ್ಲಿ ಕೂತ. ಕುಣಬಿಯವನು, ತಂಗಿಯನ್ನು ಘಟ್ಟದ ಕೆಳಗೆ ಕೊಟ್ಟಿದ್ದಾನೆ. ಹಳಿಯಾಳದ ಕಡೆಯ ಅಕ್ಕಿ ಸಾಲಕ್ಕೆ ಸಿಗುತ್ತದೆ, ಕೆಳಗೆ ಅದರ ಬೆಲೆಯೇ ಬೇರೆ ಎಂದ. ನೀವು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಈಗ ಹೆಜ್ಜೆ ಇಡುವುದೊಂದೇ ಕೆಲಸ.

ಕಾಲ ಕೆಳಗಿನ ಎಲೆ ಕೊಳೆತು ಜಾರುತ್ತದೆ. ಪಾದದ ಬೆರಳುಗಳು ತಾವಾಗಿಯೇ ಮಡಿದು ಮಣ್ಣು ಹಿಡಿಯುತ್ತವೆ. ಮೊಣಕಾಲಿನ ಹಿಂದೆ ತಣ್ಣಗೆ ಏನೋ ಅಂಟಿತು. ಉಂಬಳ. ಕಿತ್ತು ಹಾಕಲು ಕೈಗೆ ಬಿಡುವಿಲ್ಲ. ಅದು ಹೊಟ್ಟೆ ತುಂಬಿದ ಮೇಲೆ ಬಿದ್ದು ಹೋಗುತ್ತದೆ, ಹೋಗಲಿ. ಎಡಗಡೆ ದೂರದಲ್ಲಿ ದೂಧಸಾಗರ ಮೊರೆಯುತ್ತಿದೆ. ಆ ಮೊರೆತದಲ್ಲಿ ನಿಮ್ಮ ಹೆಜ್ಜೆ ಸಪ್ಪಳ ಮುಚ್ಚಿಹೋಗುತ್ತದೆ, ಅದು ಒಳ್ಳೆಯದು. ಬೇರೆಯವರ ಹೆಜ್ಜೆ ಸಪ್ಪಳವೂ ಮುಚ್ಚಿಹೋಗುತ್ತದೆ.

‘ಇದು ಉಪ್ಪಿನ ದಾರಿ,’ ಎನ್ನುತ್ತಾನೆ ಮಾಮಾ. ಅವನ ಅಜ್ಜ ಕಂಡ ದಾರಿ. ರೈಲಿಗೂ ಮೊದಲು ಹೇರೆತ್ತುಗಳ ಸಾಲು ಗೋವೆಯ ಉಪ್ಪನ್ನು ಹೀಗೆಯೇ ಮೇಲೆ ತರುತ್ತಿತ್ತು. 1878ರ ಡಿಸೆಂಬರ್‌ನಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಲಿಸ್ಬನ್ನಿನಲ್ಲಿ ಒಂದು ಕರಾರಿಗೆ ಸಹಿ ಹಾಕಿದರು. ಎರಡೂ ಕಡೆಯ ನಡುವಿನ ಸುಂಕದ ಕಟ್ಟೆ ಕಿತ್ತುಹಾಕುವುದು, ಮುರಗಾಂವ ಬಂದರಿನಿಂದ ಘಟ್ಟಕ್ಕೆ ರೈಲು ತರುವುದು. ಬದಲಿಗೆ ಗೋವೆಯ ಉಪ್ಪಿನ ಆಗರಗಳ ಹಿಡಿತ ಇಂಗ್ಲಿಷರಿಗೆ, ಪೋರ್ಚುಗೀಸ್ ಖಜಾನೆಗೆ ವರ್ಷಕ್ಕೆ 4 ಲಕ್ಷ ರೂಪಾಯಿ. ಸಮುದ್ರದ ದಂಡೆಯಲ್ಲಿ ಇದ್ದವನಿಗೂ ಉಪ್ಪು ತುಟ್ಟಿಯಾಯಿತು. ಮೀನಿಗೆ ಉಪ್ಪು ಹಾಕಿ ಒಣಗಿಸಿ ಬದುಕುವವರು ಸೋತರು. ಜಾರಿಗೆ ಬಂದ ಹನ್ನೆರಡು ವರ್ಷಕ್ಕೆ, 1892ರಲ್ಲಿ, ಕರಾರು ಮುಗಿಯಿತು, ಯಾರೂ ಅದನ್ನು ಮುಂದುವರಿಸಲಿಲ್ಲ. ಕಟ್ಟೆಗಳು ಮರಳಿ ಬಂದವು. ಹಳಿ ಮಾತ್ರ ಉಳಿಯಿತು. ಕಾರವಾರಕ್ಕೆ ಇಳಿಯಬೇಕೆಂದು ಅಲ್ಲಿನ ವರ್ತಕರು ಹಾತೊರೆದಿದ್ದ ಹುಬ್ಬಳ್ಳಿ ಸೀಮೆಯ ಹತ್ತಿ, ಆಮೇಲೆ ಸಂಡೂರಿನ ಮ್ಯಾಂಗನೀಸ್, ಎಲ್ಲ ಇದೇ ಘಟ್ಟದಲ್ಲಿ ಪೋರ್ಚುಗೀಸರ ಬಂದರಿಗೆ ಇಳಿದವು. ಒಂದು ಸಹಿಗೆ ಊರುಗಳ ಹಣೆಬರಹ ಇಷ್ಟು ತಿರುಗಬಲ್ಲದು ಎಂದು ಕಾರವಾರದವರಿಗೆ ಇವತ್ತಿಗೂ ಹೇಳಿಕೊಡಬೇಕಾಗಿಲ್ಲ.

ಮಾಮಾ ನಿಂತ.

ನೀವೂ ನಿಂತಿರಿ. ಮುಂದೆ ಹಳ್ಳ. ನೀರು ಕಾಣುವುದಿಲ್ಲ, ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಮಾಮಾ ಕಾಲಿಟ್ಟ, ಮೊಣಕಾಲು ಮುಳುಗಿತು, ತೊಡೆ ಮುಳುಗಿತು. ನೀವು ಚೀಲವನ್ನು ಹೆಗಲಿನಿಂದ ತಲೆಗೆ ಏರಿಸುತ್ತೀರಿ. ಕುತ್ತಿಗೆಯ ನರ ಬಿಗಿಯುತ್ತದೆ. ನಡುನೀರಿನಲ್ಲಿ ಇರುವಾಗ ಬಲಗಡೆ ಮೇಲೆ, ಹಳಿ ಇರುವ ಎತ್ತರದಲ್ಲಿ, ಬೆಳಕು ಹೊತ್ತಿತು.

ಬ್ಯಾಟರಿ. ಒಂದಲ್ಲ, ಎರಡು. ಯಾರವರು? ನಮ್ಮವರೋ ಅವರೋ? ನಮ್ಮವರಾದರೆ ಹಿಡಿಯುತ್ತಾರೆ. ಅವರಾದರೆ ಮೊದಲು ಗುಂಡು, ಆಮೇಲೆ ಮಾತು. ಬೆಳಕಿನ ಕೋಲು ಮರದಿಂದ ಮರಕ್ಕೆ ಜಿಗಿಯುತ್ತ ಇಳಿಯುತ್ತಿದೆ. ಚೀಲ ಬಿಟ್ಟರೆ ಓಡಬಹುದು. ಬಿಟ್ಟರೆ ಸಾಲ ಉಳಿಯುತ್ತದೆ. ತೋಳು ನಡುಗುತ್ತದೆ. ಕಲ್ಲು ಜಾರುತ್ತದೆ. ಬಿಡಬೇಕೋ? ಹಿಡಿಯಬೇಕೋ? ಮಾಮಾ ಎಲ್ಲಿ? ನೀವು ದಂಡೆಯ ಬಂಡೆಯ ಬುಡಕ್ಕೆ ಬೆನ್ನು ಕೊಟ್ಟು, ಎದೆಯ ತನಕ ನೀರಿನಲ್ಲಿ ಕೂರುತ್ತೀರಿ. ಚೀಲ ಇನ್ನೂ ತಲೆಯ ಮೇಲೆ. ಬೆಳಕು ಬಂಡೆಯ ಮೇಲೆ ಹಾದುಹೋಯಿತು. ಮತ್ತೆ ಬಂತು. ಒಂದು ಕಡೆ ನಿಂತಿತು. ಕಣ್ಣುರೆಪ್ಪೆಯ ಮೇಲೆ ಉಂಬಳ ಸರಿದಾಡುತ್ತಿದೆ, ಕಣ್ಣು ಮಿಟುಕಿಸಲೂ ಧೈರ್ಯವಿಲ್ಲ.

ಬೆಳಕು ಆರಿತು. ಮಾತಿನ ಗುಜುಗುಜು ಕೆಳಕ್ಕೆ ಹೋಯಿತು. ಯಾವ ಭಾಷೆ ಅಂತ ಕೊನೆಗೂ ತಿಳಿಯಲಿಲ್ಲ.

ಎದ್ದಾಗ ಕಾಲು ನಿಮ್ಮದಲ್ಲ. ಚೀಲದ ಒಂದು ಮೂಲೆ ಒದ್ದೆಯಾಗಿದೆ, ಒಳಗೆ ಅಕ್ಕಿ ಉಬ್ಬಿರುವುದು ಕೈಗೆ ತಿಳಿಯುತ್ತದೆ. ‘ಅಷ್ಟು ಹೋದ್ರ ಹೋಗ್ಲಿ,’ ಎನ್ನುತ್ತಾನೆ ಕತ್ತಲೆಯಿಂದ ಮಾಮಾ. ಅವನ ದನಿ ಕೇಳಿ ನಿಮಗೆ ಅಳು ಬರುತ್ತದೆ.

ನಡುರಾತ್ರಿ ಕಳೆದ ಮೇಲೆ ಒಂದು ಗವಳಿ ದೊಡ್ಡಿ. ಸಗಣಿ, ಹೊಗೆ, ಹುಳಿ ಮಜ್ಜಿಗೆಯ ವಾಸನೆ. ಎಮ್ಮೆಗಳ ನಡುವೆ ಕೊಳ್ಳುವವನು ಕೂತಿದ್ದಾನೆ, ಹತ್ತಿರ ಮುಚ್ಚಿದ ಕಂದೀಲು. ಅಕ್ಕಿಗೆ ಕೈ ಹಾಕಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿಯುತ್ತಾನೆ. ತೂಕ ಮಾಡುತ್ತಾನೆ, ಒದ್ದೆ ಮೂಲೆಯದನ್ನು ಬೇರೆ ಇಡುತ್ತಾನೆ. ಆಮೇಲೆ ಕೊಂಕಣಿಯಲ್ಲಿ ಹೇಳುತ್ತಾನೆ: ತನ್ನ ಹತ್ತಿರ ಭಾರತದ ರೂಪಾಯಿ ಇಲ್ಲ.

ಇರುವುದು ಮೂರು. ಮೊದಲನೆಯದು ಪೋರ್ಚುಗೀಸರ ರುಪಿಯಾ ನೋಟು. ಇದನ್ನು ಲೋಂಡಾದಲ್ಲಿ ಯಾರಿಗೆ ಕೊಡುತ್ತೀರಿ? ಗಡಿ ಮುಚ್ಚಿದ ಮೇಲೆ ಅದನ್ನು ಕಿಸೆಯಲ್ಲಿ ಇಟ್ಟುಕೊಂಡರೆ ಎಲ್ಲಿಂದ ಬಂದಿರಿ ಅನ್ನುವುದಕ್ಕೆ ಅದೇ ಸಾಕ್ಷಿ. ಎರಡನೆಯದು ಎಣ್ಣೆ ಕಾಗದದಲ್ಲಿ ಸುತ್ತಿದ ಒಂದು ಸ್ವಿಸ್ ಕೈಗಡಿಯಾರ. ಅವನು ಅದನ್ನು ನಿಮ್ಮ ಕಿವಿಗೆ ಹಿಡಿಯುತ್ತಾನೆ. ಟಿಕ್ ಟಿಕ್ ಸದ್ದು ಎದೆಯ ತನಕ ಇಳಿಯುತ್ತದೆ. ಭಾರತದಲ್ಲಿ ಇಂಥದ್ದನ್ನು ತರಿಸಲು ಲೈಸೆನ್ಸ್ ಬೇಕು, ಮೇಲೆ ದೊಡ್ಡ ಸುಂಕ. ಸ್ವತಂತ್ರ ದೇಶ ತನ್ನ ವಿದೇಶಿ ವಿನಿಮಯವನ್ನು ಯಂತ್ರಗಳಿಗೆಂದು ಕೂಡಿಡುತ್ತಿದೆ. ಚಿನ್ನದ ಆಮದಿಗಂತೂ ಬಾಗಿಲೇ ಇಲ್ಲ. ಗೋವೆಯಲ್ಲಿ ಎರಡೂ ಸಲೀಸು. ಹಾಗಾಗಿ ಈ ಗಡಿಯಾರ ಘಟ್ಟ ಏರಿದ ಹಾಗೆ ಅದರ ಬೆಲೆಯೂ ಏರುತ್ತದೆ, ಮುಂಬಯಿ ತಲುಪುವ ಹೊತ್ತಿಗೆ ನಿಮ್ಮ ಎಷ್ಟೋ ತಿಂಗಳ ಹಮಾಲಿಯನ್ನು ಮೀರಿಸುತ್ತದೆ. ಮುಷ್ಟಿಯಲ್ಲಿ ಅಡಗುವ ವಸ್ತು. ಮೂರನೆಯದು ಒಣ ಬಂಗಡೆ, ಒಂದು ಚೀಲ. ವಾಸನೆ ಹತ್ತು ಮಾರು ದೂರಕ್ಕೆ ಹೊಡೆಯುತ್ತದೆ.

ನನ್ನನ್ನು ಕೇಳಿದರೆ, ಇಡೀ ದಿಗ್ಬಂಧನ ಈ ದೊಡ್ಡಿಯಲ್ಲಿ, ಈ ಮೂರರ ನಡುವೆ ಕೂತಿದೆ. ಗೋವೆ ಬಿಡುಗಡೆಯಾಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೆಟ್ಟು ಎಲ್ಲಿ ಬಿತ್ತು ನೋಡಿ. ಪಣಜಿಯ ಅಂಗಡಿಗಳಿಗೆ ಹಾಲೆಂಡಿನ ಆಲೂಗಡ್ಡೆ ಬಂತು, ಸಿಲೋನಿನ ಚಹಾ, ಪಾಕಿಸ್ತಾನದ ಅಕ್ಕಿ, ಜಪಾನಿನ ಸಿಮೆಂಟು ಬಂದವು. ಗೋವೆಯ ಕಬ್ಬಿಣದ ಅದಿರು ಜಪಾನಿಗೂ ಪಶ್ಚಿಮ ಜರ್ಮನಿಗೂ ಹಡಗು ಹಡಗು ಹೋಯಿತು. ದಾಬೋಳಿಯಲ್ಲಿ ವಿಮಾನ ಇಳಿಯತೊಡಗಿತು. ಸಮುದ್ರದ ಕಡೆ ತೆರೆದೇ ಇದ್ದ ಊರನ್ನು ಘಟ್ಟದ ಕಡೆಯಿಂದ ಮುಚ್ಚಿ ಮಣಿಸಲಾಗಲಿಲ್ಲ. ಕೊನೆಗೆ 1961ರ ಡಿಸೆಂಬರ್‌ನಲ್ಲಿ ಸೈನ್ಯವೇ ಹೋಗಬೇಕಾಯಿತು. ಅದರ ಒಂದು ಬ್ರಿಗೇಡ್ ಇದೇ ತಾಲ್ಲೂಕಿನ ಅನಮೋಡದಿಂದ ಮೋಲೆಗೆ ಇಳಿಯಿತು, ಎರಡು ದಿನದಲ್ಲಿ ಎಲ್ಲ ಮುಗಿಯಿತು. ನಡುವಿನ ಆರು ವರ್ಷ ತಂಗಿಯ ಮನೆಗೆ ಹೋಗಲು ಕತ್ತಲೆಗೆ ಕಾದವರು ಮಾಮಾನಂಥವರು.

ಆದರೆ ಇದೆಲ್ಲ ನನಗೆ ಗೊತ್ತಿರುವುದು. ದೊಡ್ಡಿಯಲ್ಲಿ ಕೂತ ನಿಮಗೆ ಗೊತ್ತಿಲ್ಲ. ನಿಮಗೆ ಗೊತ್ತಿರುವುದು ಅಂಗೈಯಲ್ಲಿ ಬಡಿಯುತ್ತಿರುವ ಗಡಿಯಾರ. ಮಾಮಾ ತನ್ನ ಪಾಲಿಗೆ ಅಂಥದ್ದೇ ಇನ್ನೊಂದನ್ನು ತೆಗೆದುಕೊಂಡು ರುಮಾಲಿನ ಒಳಗೆ ಸೇರಿಸಿಬಿಟ್ಟಿದ್ದಾನೆ. ನಿಮ್ಮ ಕಡೆ ನೋಡುತ್ತಿದ್ದಾನೆ. ಸಿಕ್ಕಿಬಿದ್ದರೆ ಜೈಲು. ಸಿಕ್ಕದಿದ್ದರೆ ಸಾಲ ತೀರಿ ಮಳೆಗಾಲದ ತನಕ ಊಟ. ಮನೆಯಲ್ಲಿ ತುಂಬಿದ ಬಸುರಿ ಇದ್ದಾಳೆ. ನೀವು ಜೈಲಿನಲ್ಲಿದ್ದರೆ ಅವಳ ಕೈಗೆ ನೀರು ಕೊಡುವವರಿಲ್ಲ.

‘ನಂಗ ಮೀನ ಸಾಕು ಮಾಮಾ.’

ಅವನು ಏನೂ ಅನ್ನುವುದಿಲ್ಲ. ಒಂಟಿಯಾಗಿ ಹೋಗುವುದೇ ಲೇಸೆಂದು, ಏರುವಾಗ ಅವನು ಮೇಲಿನ ಕಾಲುದಾರಿ ಹಿಡಿದು ಬಿದಿರಿನ ಮೆಳೆಯಲ್ಲಿ ಮರೆಯಾಗುತ್ತಾನೆ.

ಏರು. ತೊಡೆಯ ಸ್ನಾಯು ಉರಿಯುತ್ತದೆ, ಉಸಿರು ಗಂಟಲಲ್ಲಿ ಕಡಿಯುತ್ತದೆ, ಬಾಯಲ್ಲಿ ಕಬ್ಬಿಣದ ರುಚಿ. ಮೀನಿನ ಉಪ್ಪು ಬೆವರಿನ ಜೊತೆ ಕೊರಳಿನ ಗಾಯಕ್ಕೆ ಇಳಿದಾಗ ಹಲ್ಲು ಕಚ್ಚುತ್ತೀರಿ. ಬೆಳಕು ಹರಿಯುವ ಹೊತ್ತಿಗೆ ಕ್ಯಾಸಲ್‌ರಾಕ್‌ನ ಹೆಂಚುಗಳು ಕಂಡವು. ಇನ್ನು ಒಂದು ಹರದಾರಿಯೂ ಇಲ್ಲ. ಇನ್ನು ನೂರು ಹೆಜ್ಜೆ. ಆಗಲೇ ನಾಯಿ ಬೊಗಳಿತು. ಓಡಬೇಡಿ. ಓಡಿದರೆ ಕಳ್ಳರಾಗುತ್ತೀರಿ. ಓಡದಿದ್ದರೆ?

‘ಯಾರಾಂವ? ನಿಲ್ಲು ಅಲ್ಲೇ!’

ನಾಕಾದ ಮೇಜಿನ ಮೇಲೆ ಚೀಲ ಸುರಿದಾಗ ಬಂಗಡೆಗಳು ಮರದ ಮೇಲೆ ಖಡಖಡ ಸದ್ದು ಮಾಡುತ್ತವೆ. ಸಾಹೇಬರು ಒಂದೊಂದನ್ನೇ ಪೆನ್ಸಿಲ್ಲಿನಿಂದ ಸರಿಸಿ ನೋಡುತ್ತಾರೆ. ಕೆಲವದರ ಹೊಟ್ಟೆ ಸೀಳಿ ನೋಡುತ್ತಾರೆ, ಚಿನ್ನಕ್ಕೆ. ನಿಮ್ಮ ಧೋತರ ಬಿಚ್ಚಿಸುತ್ತಾರೆ, ಬಾಯಿ ತೆರೆಸುತ್ತಾರೆ. ಏನೂ ಇಲ್ಲ. ಅವರ ಮುಖದಲ್ಲಿ ಸಿಟ್ಟಿಲ್ಲ, ನಿದ್ದೆಗೆಟ್ಟ ಆಯಾಸ ಇದೆ. ಈ ಸ್ಟೇಷನ್ನಿನಲ್ಲಿ ಅವರ ಟ್ರಂಕನ್ನೂ ನೀವೇ ಹೊತ್ತಿದ್ದೀರಿ.

‘ಬರೇ ಮೀನ ಐತ್ರಿ ಸಾಹೇಬ್ರ. ತಿನ್ನಾಕ.’

‘ಗೊತ್ತೈತೋ. ಆದ್ರ ಗಡಿ ಆಚೆಯಿಂದ ಬಂದದ್ದು ಎಲ್ಲಾ ಆಮದು. ಮೀನಾದ್ರೂ ಅಷ್ಟ, ಬಂಗಾರಾದ್ರೂ ಅಷ್ಟ.’

ಪಂಚನಾಮೆ ಬರೆಯಲು ಇಬ್ಬರನ್ನು ಕರೆಸುತ್ತಾರೆ. ಇಬ್ಬರೂ ನಿಮ್ಮ ಜೊತೆಯ ಹಮಾಲರು, ಕೆಲಸವಿಲ್ಲದೆ ಸ್ಟೇಷನ್ನಿನಲ್ಲಿ ಕೂತವರು. ಅವರು ನಿಮ್ಮ ಮುಖ ನೋಡುವುದಿಲ್ಲ. ಒಣ ಬಂಗಡೆ, ಇಷ್ಟು ಸೇರು, ಪರದೇಶದ ಮಾಲು, ಅಂತ ಗುಮಾಸ್ತ ಬರೆದುಕೊಳ್ಳುತ್ತಾನೆ. ನಿಮ್ಮ ಎಡಗೈ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತುತ್ತಾರೆ. ಉಪ್ಪು ಹತ್ತಿದ ಬೆರಳು, ಗುರುತು ಸರಿಯಾಗಿ ಮೂಡುವುದಿಲ್ಲ. ತೊಳೆಸಿ ಮತ್ತೊಮ್ಮೆ ಒತ್ತಿಸುತ್ತಾರೆ. ದಂಡದ ಮಾತು ಆಮೇಲೆ, ಈಗ ಹೋಗು, ಕರೆದಾಗ ಬಾ ಎನ್ನುತ್ತಾರೆ.

ಬಾಗಿಲ ತನಕ ಹೋದವರು ನೀವು ತಿರುಗುತ್ತೀರಿ.

‘ಚೀಲಾನಾದ್ರೂ ಕೊಡ್ರಿ ಸಾಹೇಬ್ರ. ಅದು ಮಂದಿದು. ತಿರುಗಿ ಕೊಡಬೇಕು.’

ಸಾಹೇಬರು ಗುಮಾಸ್ತನ ಕಡೆ ನೋಡುತ್ತಾರೆ. ಗುಮಾಸ್ತ ಬರೆದದ್ದರ ಮೇಲೆ ಬೆರಳು ಆಡಿಸಿ, ತಲೆಯಾಡಿಸುತ್ತಾನೆ.

‘ಗೋಣಿಚೀಲ ಒಂದು ಅಂತ ಬರದಾಗೇತ್ರಿ. ಅದೂ ಮುದ್ದೇಮಾಲು.’