ಡಬ್ಬಿ ಮೇಲೆ ಏನ್ ಬರದೈತ್ರಿ?

ಕಿತ್ತೂರು ಉತ್ಸವದ ಕುಸ್ತಿ ವರದಿಗೆ ಹೋದಾಗ ಸವದತ್ತಿ ತಾಲ್ಲೂಕಿನ ಹುಡುಗನೊಬ್ಬ ನನ್ನನ್ನು ಪಕ್ಕಕ್ಕೆ ಕರೆದ. ಹತ್ತೊಂಬತ್ತು ವರ್ಷ ಇರಬಹುದು. ಚೀಲದಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು, "ಅಣ್ಣಾರ, ಇದರಾಗ ಏನೈತಿ, ಸ್ವಲ್ಪ ಓದಿ ಹೇಳ್ರಿ" ಅಂದ.

ಬೈಲಹೊಂಗಲದಲ್ಲಿ ಯಾರೋ ಕೊಟ್ಟಿದ್ದರಂತೆ. ಹಾಲಿನಲ್ಲಿ ಕಲಸಿ ಕುಡಿದರೆ ಮೈ ಕಟ್ಟುತ್ತದೆ ಅಂದಿದ್ದರಂತೆ. ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿದೆ. ಅರ್ಧ ಹೆಸರು ನನಗೂ ತಿಳಿಯಲಿಲ್ಲ. ಬರೆಯದೇ ಇರುವುದು ಒಳಗಿದ್ದರೆ ಅದನ್ನು ಯಾರು ಓದಬೇಕು?

ಆಗ ನೆನಪಾದದ್ದು ಅಶ್ವಿನಿ ಅಕ್ಕುಂಜಿ. ಉಡುಪಿ ಜಿಲ್ಲೆಯ ಸಿದ್ದಾಪುರದ ರೈತರ ಮಗಳು. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. 2011ರಲ್ಲಿ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು. ನಾನಾಗ ಡಿಪ್ಲೊಮಾ ಓದುತ್ತಿದ್ದೆ. ಕಾಲೇಜಿನ ಗೋಡೆ ಪತ್ರಿಕೆಗೆ 'ಚಿನ್ನದ ಹುಡುಗಿಗೆ ಡೋಪ್ ಕಳಂಕ' ಅಂತ ದಪ್ಪಕ್ಷರದಲ್ಲಿ ಬರೆದವನು ನಾನೇ.

ಮುಂದಿನದನ್ನು ನಾನು ಬರೆಯಲಿಲ್ಲ. ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಕೊಟ್ಟ ಜಿನ್ಸೆಂಗ್ ತಿಂದಿದ್ದೆವು ಎಂದು ಹುಡುಗಿಯರು ಹೇಳಿದರು. ಬೇಕೆಂದೇ ತಿಂದದ್ದಲ್ಲ ಎಂದು ನಾಡಾ ಶಿಸ್ತು ಸಮಿತಿ ಒಪ್ಪಿ ಒಂದು ವರ್ಷ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಮೇಲ್ಮನವಿಗೆ ಹೋಯಿತು. 2012ರ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೋಚ್‌ನನ್ನು ಕೆಲಸದಿಂದ ತೆಗೆದರು. ಕೆಲವು ವರ್ಷಗಳ ನಂತರ ಮತ್ತೆ ಕರೆಸಿಕೊಂಡರು.

ನಿಯಮ ಸರಳ: ಮೈಯೊಳಗೆ ಏನು ಸಿಕ್ಕರೂ ಆಟಗಾರನೇ ಹೊಣೆ. ಇದು ಪೂರ್ತಿ ತಪ್ಪು ಅನ್ನಲಾರೆ. 'ಗೊತ್ತಿರಲಿಲ್ಲ' ಅಂದವರನ್ನೆಲ್ಲ ಬಿಟ್ಟರೆ ಬರೀ ಹಾಲು, ಬಾದಾಮಿ ತಿಂದು ಮಣ್ಣಿಗಿಳಿದು ಸೋತ ಪೈಲ್ವಾನನಿಗೆ ಯಾರು ನ್ಯಾಯ ಕೊಡುತ್ತಾರೆ? ಆದರೆ ಹೊಣೆ ಹೊರಿಸುವ ಮೊದಲು ತಿಳಿಸಿ ಹೇಳುವ ಹೊಣೆಯೂ ಯಾರದೋ ಇರಬೇಕಲ್ಲ.

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಮೊದಲ ಸಲ ಸ್ಟೆರಾಯ್ಡ್‌ಗೆ ಸಿಕ್ಕರೆ 80 ಪಂದ್ಯ, ಎರಡನೇ ಸಲ 162 ಪಂದ್ಯ ಅಂದರೆ ಇಡೀ ಋತು, ಮೂರನೇ ಸಲ ಆಜೀವ ನಿಷೇಧ. ಆ ನಿಯಮಕ್ಕೆ ಆಟಗಾರರ ಸಂಘವೂ ಸಹಿ ಹಾಕಿದೆ. ನಮ್ಮಲ್ಲಿ 2015ರಿಂದ ಸ್ಟೆರಾಯ್ಡ್‌ನಂಥ ಮದ್ದಿಗೆ ಮೊದಲ ಸಲಕ್ಕೇ ನಾಲ್ಕು ವರ್ಷದವರೆಗೆ ನಿಷೇಧ ಬರಬಹುದು. ಬೇಕೆಂದು ತಿಂದದ್ದಲ್ಲ ಎಂದು ತೋರಿಸಿದರೆ ಕಡಿಮೆಯಾಗುತ್ತದೆ. ತೋರಿಸಲು ವಕೀಲ ಬೇಕು, ಲ್ಯಾಬ್ ಬೇಕು, ದುಡ್ಡು ಬೇಕು. ರಾಮದುರ್ಗದ ಗರಡಿಮನೆಯ ಹುಡುಗ ದೆಹಲಿಗೆ ಯಾವ ಬಸ್ಸು ಹತ್ತಬೇಕು? ಇಪ್ಪತ್ತರ ಪೈಲ್ವಾನನಿಗೆ ನಾಲ್ಕು ವರ್ಷ ಅಂದರೆ ಹೆಚ್ಚುಕಡಿಮೆ ಕುಸ್ತಿಯೇ ಮುಗಿದಂತೆ.

"ಇದನ್ನ ಬಿಡೋ ತಮ್ಮಾ. ನಾಳೆ ರಾಷ್ಟ್ರಮಟ್ಟಕ್ಕ ಹೋದ್ರ ಪರೀಕ್ಷೆ ಮಾಡ್ತಾರ" ಅಂದೆ.

"ಬಿಡ್ತೀನ್ರಿ. ಆದ್ರ ವಸ್ತಾದರು ಹೇಳೋ ಖುರಾಕ್ ಯಾರ ಕೊಡ್ತಾರ್ರಿ? ದಿನಾ ಎರಡ ಲೀಟರ್ ಹಾಲು, ಬಾದಾಮಿ, ತುಪ್ಪ. ನಮ್ಮಪ್ಪ ಕೂಲಿ ಮಾಡ್ತಾನ."

ನನ್ನ ಬಳಿ ಉತ್ತರ ಇರಲಿಲ್ಲ. ಅಷ್ಟರಲ್ಲಿ ಹಲಗಿ ಬಡಿದರು, ಅವನ ಜೋಡಿ ಕೂಗಿದರು. ಡಬ್ಬಿ ಚೀಲಕ್ಕೆ ಹಾಕಿ ಓಡಿದ.

ಆ ರಾತ್ರಿ ಪತ್ರಿಕೆಗೆ ಕಳಿಸಿದ್ದು ಗೆದ್ದವರ ಹೆಸರು, ಬಹುಮಾನದ ಮೊತ್ತ, ವೇದಿಕೆಯ ಮೇಲಿದ್ದ ಗಣ್ಯರ ಪಟ್ಟಿ. ಡಬ್ಬಿಯ ಸುದ್ದಿಗೆ ಜಾಗ ಕೇಳಲೂ ಇಲ್ಲ. ನಾಳೆ ಅವನು ಸಿಕ್ಕಿಬಿದ್ದರೆ ಮೊದಲ ಪುಟದಲ್ಲಿ ಜಾಗ ಸಿಗುತ್ತದೆ, ಕಳಿಸುವವನೂ ನಾನೇ ಆಗಿರುತ್ತೇನೆ. ಅದಕ್ಕೇ ಇವತ್ತು ಇಲ್ಲಿ ಬರೆದೆ.