ನಾಶವಾಗದ ಶಕ್ತಿಯನ್ನು ಉಳಿಸುವುದೇಕೆ?

'ಶಕ್ತಿಯನ್ನು ಸೃಷ್ಟಿಸಲಾಗದು, ನಾಶ ಮಾಡಲೂ ಆಗದು. ಅದನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಪರಿವರ್ತಿಸಬಹುದು.' ಹೈಸ್ಕೂಲು ದಾಟಿದವರಲ್ಲಿ ಈ ವಾಕ್ಯವನ್ನು ಬಾಯಿಪಾಠ ಮಾಡದವರು ಅಪರೂಪ. ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೆ. ಅಂಕ ಸಿಕ್ಕ ಮೇಲೆ ವಾಕ್ಯ ಮರೆತುಹೋಗುತ್ತದೆ.

ನಾನು ಸಾಗರ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವವನು. ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯಲ್ಲಿ ಈ ನಿಯಮವನ್ನು ಬೋರ್ಡಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹುಡುಗಿಯೊಬ್ಬಳು ಎದ್ದು ನಿಂತಳು. 'ಸಾರ್, ಶಕ್ತಿ ನಾಶ ಆಗೋದೇ ಇಲ್ಲ ಅಂದ್ಮೇಲೆ ಕರೆಂಟು ಉಳಿಸಿ ಅಂತ ಯಾಕೆ ಹೇಳ್ತಾರೆ?'

ತರಗತಿ ಗೊಳ್ಳೆಂದಿತು. ಅವಳು ನಗಲಿಲ್ಲ. ಅವಳದು ಮುಳುಗಡೆಯ ಕುಟುಂಬ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಅವಳ ಅಜ್ಜನ ಮನೆ, ಗದ್ದೆ, ಅಡಿಕೆ ತೋಟ ಎಲ್ಲವೂ ಶರಾವತಿಯ ಹಿನ್ನೀರಿನ ಪಾಲಾಗಿದ್ದವು. ಕರೆಂಟಿನ ಬೆಲೆ ಏನೆಂದು ಆ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪುಸ್ತಕದ ಮಾತಿಗೂ ಮನೆಯ ಮಾತಿಗೂ ತಾಳೆಯಾಗುತ್ತಿಲ್ಲವಲ್ಲ ಎಂಬುದು ಅವಳ ಚಿಂತೆ.

ಉತ್ತರಕ್ಕಾಗಿ ಅಂದು ನಾವು ಶಕ್ತಿಯ ಬೆನ್ನು ಹತ್ತಿ ಹೊರಟೆವು. ಮೊದಲು ಸೂರ್ಯ. ಅವನ ಬಿಸಿಲಿಗೆ ಅರಬ್ಬೀ ಸಮುದ್ರದ ನೀರು ಆವಿಯಾಗಿ ಮೇಲೇರುತ್ತದೆ. ಮುಂಗಾರಿನ ಗಾಳಿ ಅದನ್ನು ಹೊತ್ತು ತಂದು ಪಶ್ಚಿಮ ಘಟ್ಟಕ್ಕೆ ಒಪ್ಪಿಸುತ್ತದೆ. ಮಳೆ ಸುರಿದು ಜಲಾಶಯ ತುಂಬುತ್ತದೆ. ಎತ್ತರದಲ್ಲಿ ನಿಂತ ಆ ನೀರಿನಲ್ಲಿರುವುದು ಪ್ರಚ್ಛನ್ನ ಶಕ್ತಿ. ಲಿಂಗನಮಕ್ಕಿಯಿಂದ ತಲಕಳಲೆಗೆ ಬಂದ ನೀರನ್ನು ದೈತ್ಯ ಕೊಳವೆಗಳಲ್ಲಿ ಜೋಗದ ಬಳಿಯ ಶರಾವತಿ ವಿದ್ಯುದಾಗಾರಕ್ಕೆ ಇಳಿಸುತ್ತಾರೆ. ಇಳಿಯುವ ನೀರಿನದು ಚಲನ ಶಕ್ತಿ. ಅದು ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನು ಜನರೇಟರನ್ನು ತಿರುಗಿಸುತ್ತದೆ, ಅಲ್ಲಿ ವಿದ್ಯುಚ್ಛಕ್ತಿ ಹುಟ್ಟುತ್ತದೆ. ಹತ್ತು ಘಟಕಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್.

ಈಗ ಒಂದು ಲೆಕ್ಕ. ಒಂದು ಲೀಟರ್ ನೀರು ಒಂದು ಮೀಟರ್ ಕೆಳಗೆ ಬಿದ್ದರೆ ಸಿಗುವ ಶಕ್ತಿ 9.8 ಜೂಲ್. 400 ಮೀಟರ್ ಬಿದ್ದರೆ 3,920 ಜೂಲ್. ನಮ್ಮ ಮನೆಯ ಮೀಟರು ತೋರಿಸುವ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಭಾಗಿಸಿ ನೋಡಿ: 918 ಲೀಟರ್. ದಾರಿಯಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ ಸುಮಾರು ಸಾವಿರ ಲೀಟರ್. ಒಂದು ಯೂನಿಟ್ ಕರೆಂಟಿಗಾಗಿ ಸಾವಿರ ಲೀಟರ್ ನೀರು ನಾನೂರು ಮೀಟರ್ ಎತ್ತರದಿಂದ ಇಳಿಯಬೇಕು! ಇದನ್ನು ಬೋರ್ಡಿನ ಮೇಲೆ ಬರೆದಾಗ ತರಗತಿಯಲ್ಲಿ ಸದ್ದಿರಲಿಲ್ಲ.

ಹೀಗೆ ಬಂದ ಶಕ್ತಿ ಮನೆಯೊಳಗೆ ಏನಾಗುತ್ತದೆ? ಹಳೆಯ 60 ವಾಟ್ ಬಲ್ಬಿನಲ್ಲಿ ಹತ್ತರಲ್ಲೊಂದು ಪಾಲು ಕೂಡ ಬೆಳಕಾಗುತ್ತಿರಲಿಲ್ಲ, ಉಳಿದದ್ದೆಲ್ಲ ಶಾಖ. ಮುಟ್ಟಿದವರ ಬೆರಳಿಗೆ ಅದು ಗೊತ್ತು. ಅಷ್ಟೇ ಬೆಳಕನ್ನು ಈಗ 9 ವಾಟ್‌ನ ಎಲ್ಇಡಿ ಬಲ್ಬು ಕೊಡುತ್ತದೆ. ಆದರೆ ಆ ಬೆಳಕೂ ಗೋಡೆಗೆ ಬಿದ್ದು ಕೊನೆಗೆ ಶಾಖವೇ ಆಗುತ್ತದೆ. ಫ್ಯಾನು ಬೀಸಿದ ಗಾಳಿ ಘರ್ಷಣೆಯಿಂದ ನಿಂತಾಗ ಉಳಿಯುವುದೂ ಶಾಖ. ಮಿಕ್ಸಿಯಲ್ಲಿ ಅರೆದ ಚಟ್ನಿ ಬೆಚ್ಚಗಾಗುವುದನ್ನು ಅಮ್ಮಂದಿರು ದಿನವೂ ನೋಡುತ್ತಾರೆ.

ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ದಶಕದಲ್ಲಿ ಇದನ್ನೇ ಅಳೆದು ತೋರಿಸಿದ. ಕೆಳಗಿಳಿಯುವ ತೂಕಗಳಿಂದ ನೀರಿನಲ್ಲಿ ಚಕ್ರವೊಂದನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ನೋಡಿದ. ಅವನ ಲೆಕ್ಕವನ್ನು ನಮ್ಮ ಜೋಗಕ್ಕೆ ಅನ್ವಯಿಸಿದರೆ, 253 ಮೀಟರ್ ಧುಮುಕುವ ನೀರು ತನ್ನ ಶಕ್ತಿಯನ್ನೆಲ್ಲ ಶಾಖವಾಗಿ ಉಳಿಸಿಕೊಂಡರೂ ಬಿಸಿಯಾಗುವುದು ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಮಾತ್ರ. ಅಷ್ಟು ದೊಡ್ಡ ಆರ್ಭಟ, ಕೊನೆಗೆ ಅರೆ ಡಿಗ್ರಿಯ ಬಿಸುಪು! ಆ ಬಿಸುಪಿನಿಂದ ಟರ್ಬೈನು ತಿರುಗಿಸುವುದು ಹೇಗೆ?

ಗುಟ್ಟು ಇರುವುದು ಇಲ್ಲೇ. ಐನೂರು ರೂಪಾಯಿಯ ನೋಟನ್ನು ಚಿಲ್ಲರೆ ಮಾಡಿಸಿ ಜಾತ್ರೆಯ ಗದ್ದಲದಲ್ಲಿ ತೂರಿದೆವೆನ್ನಿ. ಹಣ ನಾಶವಾಗಿಲ್ಲ. ಎಲ್ಲ ಕಾಸುಗಳೂ ಜಾತ್ರೆಯ ಬಯಲಿನಲ್ಲೇ ಇವೆ. ಆದರೆ ಅದರಿಂದ ನಾವು ಒಂದು ಕೆ.ಜಿ. ಅಕ್ಕಿ ಕೊಳ್ಳಲಾರೆವು. ಶಕ್ತಿಯೂ ಹೀಗೆಯೇ. ಮೊತ್ತ ಕಡಿಮೆಯಾಗುವುದಿಲ್ಲ, ಕೆಲಸಕ್ಕೆ ಒದಗುವ ಗುಣ ಕಡಿಮೆಯಾಗುತ್ತದೆ. ಮೊತ್ತದ ಮಾತನ್ನು ಹೇಳುವುದು ಶಕ್ತಿ ಸಂರಕ್ಷಣಾ ನಿಯಮ. ಗುಣದ ಮಾತನ್ನು ಹೇಳುವ ನಿಯಮ ಇನ್ನೊಂದಿದೆ. ಅದನ್ನು ಮಕ್ಕಳು ಮುಂದೆ ಕಾಲೇಜಿನಲ್ಲಿ ಓದುತ್ತಾರೆ. ಎರಡಕ್ಕೂ 'ಸಂರಕ್ಷಣೆ' ಎಂಬ ಒಂದೇ ಪದವನ್ನು ಬಳಸುವುದರಿಂದಲೇ ಗೊಂದಲ. ನಿಸರ್ಗ ಸಂರಕ್ಷಿಸುವುದು ಮೊತ್ತವನ್ನು, ನಾವು ಸಂರಕ್ಷಿಸಬೇಕಾದುದು ಗುಣವನ್ನು.

'ಮುಂದಿನ ವರ್ಷ ಮತ್ತೆ ಮಳೆ ಬರುತ್ತಲ್ಲ ಸಾರ್' ಎಂದ ಇನ್ನೊಬ್ಬ. ನಿಜ, ನೀರನ್ನು ಮತ್ತೆ ಮೇಲೆತ್ತಲು ಸೂರ್ಯನಿದ್ದಾನೆ. ಆದರೆ ಅವನು ಎತ್ತಿಕೊಡುವುದಕ್ಕೂ ವರ್ಷಕ್ಕಿಷ್ಟು ಎಂಬ ಮಿತಿಯಿದೆ. ಮುಂಗಾರು ಕೈಕೊಟ್ಟ ವರ್ಷ ಜಲಾಶಯ ತುಂಬುವುದಿಲ್ಲ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಉರಿಯುವ ಕಲ್ಲಿದ್ದಲಂತೂ ಮರಳಿ ಬರುವುದೇ ಇಲ್ಲ. ಅಂಥ ಕೇಂದ್ರಗಳಲ್ಲಿ ಕಲ್ಲಿದ್ದಲಿನ ಶಕ್ತಿಯ ಮೂರನೇ ಒಂದರಷ್ಟು ಮಾತ್ರ ವಿದ್ಯುತ್ತಾಗುತ್ತದೆ.

ಪಾಲಕರಲ್ಲಿ ಒಂದು ಮಾತು. ಮಕ್ಕಳು ಇಂಥ ಪ್ರಶ್ನೆ ಕೇಳಿದಾಗ 'ಅಧಿಕಪ್ರಸಂಗ ಬೇಡ, ಪರೀಕ್ಷೆಗೆ ಓದು' ಎಂದು ಬಾಯಿ ಮುಚ್ಚಿಸಬೇಡಿ. ಬದಲಿಗೆ ಒಂದು ಪ್ರಯೋಗ ಮಾಡಿಸಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧದಷ್ಟು ಒಣ ಮರಳು ತುಂಬಿ, ಪ್ರಯೋಗಾಲಯದ ಥರ್ಮಾಮೀಟರಿನಿಂದ ಉಷ್ಣತೆ ನೋಡಿ. ಮುಚ್ಚಳ ಬಿಗಿದು ಐದು ನಿಮಿಷ ಜೋರಾಗಿ ಕುಲುಕಿಸಿ, ಮತ್ತೆ ನೋಡಿ. ಪಾದರಸ ತುಸು ಏರಿರುತ್ತದೆ. ಬೆಳಿಗ್ಗೆ ತಿಂದ ರೊಟ್ಟಿಯ ರಾಸಾಯನಿಕ ಶಕ್ತಿ ಕೈಯ ಚಲನೆಯಾಗಿ, ಮರಳಿನ ಶಾಖವಾಗಿದೆ. ಆದರೆ ಆ ಬೆಚ್ಚನೆಯ ಮರಳು ಎಷ್ಟು ಹೊತ್ತು ಕಾದರೂ ನಿಮ್ಮ ಕೈಯನ್ನು ಕುಲುಕುವುದಿಲ್ಲ.

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ಲಿನಲ್ಲಿ ಸೊನ್ನೆ ಕಾಣಿಸಿಕೊಂಡಿತು. ಹಣದ ಕಾಲಮ್ಮಿನಲ್ಲಿ ಸೊನ್ನೆಯಿದ್ದರೂ ಯೂನಿಟ್‌ಗಳ ಕಾಲಮ್ಮಿನಲ್ಲಿ ಸೊನ್ನೆಯಿರುವುದಿಲ್ಲ. ವಾರಕ್ಕೊಮ್ಮೆ ಮಕ್ಕಳಿಂದ ಮೀಟರು ಓದಿಸಿ, ಬಂದ ಅಂಕಿಯನ್ನು ಸಾವಿರದಿಂದ ಗುಣಿಸಲು ಹೇಳಿ. ನಿಮ್ಮ ಮನೆಗಾಗಿ ಘಟ್ಟ ಇಳಿಯಬೇಕಾದ ನೀರು ಎಷ್ಟು ಲೀಟರ್ ಎಂಬುದನ್ನು ಅವರೇ ನಿಮಗೆ ಹೇಳುತ್ತಾರೆ.